ಮನಸ್ಸಿನ ಕಾಯಿಲೆ ಇರುವವರ ತಲೆನೋವು: ಮೈಗ್ರೇನ್ ಗುರುತಿಸುವುದು ಹೇಗೆ?

ಆತಂಕ, ವ್ಯಕ್ತಿತ್ವದ ತೊಂದರೆ, ಮನೋದೈಹಿಕ ಕಾಯಿಲೆ (ಮನಸ್ಸಿನ ಒತ್ತಡ ದೇಹದ ನೋವಾಗಿ ಕಾಣಿಸುವುದು) ಎಂದು ಫೈಲಿನಲ್ಲಿ ಒಮ್ಮೆ ಬರೆದರೆ ಮುಗಿಯಿತು. ಆಮೇಲೆ ತಲೆನೋವು ಎಂದರೆ 'ಟೆನ್ಷನ್ ಮಾಡ್ಕೋಬೇಡಿ' ಎಂಬ ಉತ್ತರವೇ ಸಿಗುತ್ತದೆ. ಆದರೆ ಮೈಗ್ರೇನ್ ಮಿದುಳು, ನರಗಳ ಕಾಯಿಲೆ. ಖಿನ್ನತೆ, ಆತಂಕ ಇರುವವರಲ್ಲಿ ಅದು ಇನ್ನೂ ಜಾಸ್ತಿ.

ಮೊದಲು ಅಪಾಯದ ಸೂಚನೆ ನೋಡಿ. ಸಿಡಿಲು ಬಡಿದಂತೆ ದಿಢೀರನೆ ಬಂದ ನೋವು, ಜ್ವರದ ಜೊತೆ ಕತ್ತು ಸೆಟೆದುಕೊಳ್ಳುವುದು, ಕೈಕಾಲಿನ ಶಕ್ತಿ ಕುಂದುವುದು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಬೇಗ ತೋರಿಸಿ.

ಇವೇನೂ ಇಲ್ಲವೇ? ಡೈರಿ ಇಡಿ. ನೋವು ಯಾವಾಗ ಬಂತು, ಎಷ್ಟು ಹೊತ್ತಿತ್ತು, ಯಾವ ಮಾತ್ರೆ ನುಂಗಿದಿರಿ, ನಿದ್ದೆ ಹೇಗಿತ್ತು, ಮುಟ್ಟಿನ ದಿನ ಯಾವುದು, ಎಲ್ಲ ಬರೆಯಿರಿ. ಮನಸ್ಸು ಹೇಗಿತ್ತು ಎಂಬುದನ್ನೂ ಬರೆಯಿರಿ, ಆದರೆ ಬೇರೆ ಕಾಲಂನಲ್ಲಿ. ಬೇಸರದಿಂದ ನೋವು ಬಂತೋ, ನೋವಿನಿಂದ ಬೇಸರವೋ ಎಂಬ ತೀರ್ಪು ಅಲ್ಲಿ ಬೇಡ. ಯಾಕೆಂದರೆ ಮೈಗ್ರೇನ್‌ಗೆ ಒಂದೆರಡು ದಿನ ಮೊದಲೇ ಕಿರಿಕಿರಿ, ಆಕಳಿಕೆ, ಮಂಕು ಕಾಣಿಸಿಕೊಳ್ಳುವುದುಂಟು. ಅದು ಮೈಗ್ರೇನಿನದೇ ಮೊದಲ ಹಂತ. ನಾವು ಮಾತ್ರ 'ಮೂಡ್ ಕೆಟ್ಟಿತ್ತು, ಅದಕ್ಕೇ ತಲೆನೋವು' ಅಂದುಬಿಡುತ್ತೇವೆ, ಅಲ್ವಾ?

ವೈದ್ಯರ ಲೆಕ್ಕ ಹೀಗಿದೆ. ತಲೆನೋವುಗಳ 2018ರ ಅಂತಾರಾಷ್ಟ್ರೀಯ ವರ್ಗೀಕರಣದಂತೆ, ಔರಾ (ನೋವಿಗೆ ಮೊದಲು ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವಂಥ ಲಕ್ಷಣ) ಇಲ್ಲದ ಮೈಗ್ರೇನ್ ಕನಿಷ್ಠ 5 ಸಲ ಬಂದಿರಬೇಕು. ಚಿಕಿತ್ಸೆ ಇಲ್ಲದಿದ್ದರೆ ಪ್ರತಿ ಸಲ 4ರಿಂದ 72 ಗಂಟೆ ಇರಬೇಕು. ಒಂದೇ ಬದಿಯ ನೋವು, ಮಿಡಿಯುವ ನೋವು, ಮಧ್ಯಮ ಅಥವಾ ಜೋರು ನೋವು, ನಡೆದರೆ ಮೆಟ್ಟಿಲು ಹತ್ತಿದರೆ ಹೆಚ್ಚಾಗುವ ನೋವು: ಈ 4ರಲ್ಲಿ 2 ಸಾಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು, ಶಬ್ದ ಎರಡನ್ನೂ ತಡೆಯಲಾಗದ ಸ್ಥಿತಿ ಇರಬೇಕು. ಬೇರೆ ಕಾಯಿಲೆಯಿಂದ ಬಂದದ್ದಲ್ಲ ಎಂದೂ ಖಚಿತವಾಗಬೇಕು. ಮನಸ್ಸು ಗಟ್ಟಿಯಾಗಿರಬೇಕು ಎಂಬ ಷರತ್ತು ಇದರಲ್ಲಿ ಎಲ್ಲೂ ಇಲ್ಲ.

ಮೈಯೆಲ್ಲ ನೋವು ಎನ್ನುವವರು ತಲೆನೋವನ್ನು ಪ್ರತ್ಯೇಕವಾಗಿ ಹೇಳಬೇಕು. 'ಸಹಿಸಲಾಗದ ನೋವು' ಎಂದರೆ ಸಾಲದು. ಆಗ ಏನು ಮಾಡುತ್ತೀರಿ ಹೇಳಿ. 'ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತೇನೆ' ಎಂಬ ಮಾತು ವೈದ್ಯರಿಗೆ ಬಹಳ ತಿಳಿಸುತ್ತದೆ. ಮನೆಯವರು ಕಂಡದ್ದನ್ನೂ ಹೇಳಲಿ.

ಮಾತ್ರೆಗಳನ್ನು ಎಣಿಸಿ. 3 ತಿಂಗಳಿಗಿಂತ ಹೆಚ್ಚು ಕಾಲ, ತಿಂಗಳಿಗೆ 15 ದಿನ ಸಾದಾ ನೋವಿನ ಮಾತ್ರೆ ಅಥವಾ 10 ದಿನ ಟ್ರಿಪ್ಟಾನ್ (ಮೈಗ್ರೇನ್ ಬಂದಾಗ ನುಂಗುವ ಮಾತ್ರೆ) ನುಂಗಿದರೆ ಮಾತ್ರೆಯಿಂದಲೇ ತಲೆನೋವು ಬರಬಹುದು. ಬಾರ್ಡರ್‌ಲೈನ್ ವ್ಯಕ್ತಿತ್ವದ ತೊಂದರೆ (ಭಾವನೆಗಳು ಹಿಡಿತಕ್ಕೆ ಸಿಗದೆ ಏರಿಳಿಯುವ ಕಾಯಿಲೆ) ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನರರೋಗ ತಜ್ಞರಿಗೆ ಮನೋವೈದ್ಯರ ಚೀಟಿ ತೋರಿಸಿ, ಮನೋವೈದ್ಯರಿಗೆ ನರರೋಗ ತಜ್ಞರದ್ದು. ಮೈಗ್ರೇನ್ ತಡೆಯಲು ಕೊಡುವ ಫ್ಲುನರಿಜಿನ್, ಟೋಪಿರಮೇಟ್ ಕೆಲವರಲ್ಲಿ ಖಿನ್ನತೆ ಹೆಚ್ಚಿಸುತ್ತವೆ. ಹಾಗಂತ ಯಾವುದನ್ನೂ ನೀವೇ ನಿಲ್ಲಿಸಬೇಡಿ.