ಹೀರೇಕಾಯಿ ಸಿಪ್ಪೆ ಎಸೆಯಬೇಡಿ

ಹೀರೇಕಾಯಿ ಅಗ್ಗವಾಗಿ ಸಿಕ್ಕಾಗ ಒಂದೆರಡು ಜಾಸ್ತಿನೇ ತನ್ನಿ. ತಿರುಳಿಗೆ ತೊಗರಿಬೇಳೆ ಹಾಕಿ ತೊವ್ವೆ ಮಾಡಿ. ನೀರು ಕಡಿಮೆ ಸಾಕು, ಕಾಯೇ ನೀರು ಬಿಡುತ್ತದೆ.

ಸಿಪ್ಪೆಯನ್ನು ಸುಮ್ನೆ ಎಸೆಯುತ್ತೇವೆ ಅಲ್ವಾ? ಅದರಲ್ಲೇ ರುಚಿಯಾದ ಚಟ್ನಿ ಆಗುತ್ತದೆ. ಕಾಯಿ ಎಳೆಯದಾಗಿರಲಿ. ತೊಳೆದು, ಹೆರೆದು, ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ. ಒಂದು ಚಮಚ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗಿ ಅಂಚು ಗರಿಗರಿ ಆಗುವವರೆಗೆ ಹುರಿಯಿರಿ. ಇಲ್ಲಿ ಅವಸರ ಮಾಡಿದರೆ ಚಟ್ನಿ ನಾರುನಾರಾಗುತ್ತದೆ. ಉದ್ದಿನಬೇಳೆ, ಒಣಮೆಣಸಿನಕಾಯಿ ಬೇರೆ ಹುರಿದುಕೊಂಡು, ತೆಂಗಿನತುರಿ, ಹುಣಸೆಹಣ್ಣು, ಉಪ್ಪು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ. ತೆಂಗಿನಕಾಯಿ ದುಬಾರಿಯಾದರೆ ಅದರ ಬದಲು ಒಂದು ಹಿಡಿ ಹುರಿದ ಕಡಲೇಬೀಜ ಹಾಕಿ, ನನಗಂತೂ ಅದೇ ಇಷ್ಟ.

ಹೆಚ್ಚುವಾಗ ಮರೆಯದೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿಯಿದ್ದರೆ ಆ ಕಾಯಿ ಬಳಸಲೇಬೇಡಿ.