ಎಂಎಂಎ ಅಂದ್ರೆ ಬರೀ ಹೊಡೆದಾಟ ಅನ್ನುವವರಿಗೆ ಅದನ್ನು ತೋರಿಸುವುದು ಹೇಗೆ?

"ಇದನ್ನೂ ಆಟ ಅಂತಾರಾ?" ಎಂಎಂಎ, ಅಂದರೆ ಬಾಕ್ಸಿಂಗ್, ಕುಸ್ತಿ, ಜೂಡೋ ಎಲ್ಲ ಬೆರೆತ ಮಿಶ್ರ ಸಮರ ಕಲೆ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ನೋಡುವವರೆಲ್ಲ ಮನೆಯಲ್ಲೋ ಗೆಳೆಯರಿಂದಲೋ ಈ ಮಾತು ಕೇಳಿರುತ್ತೀರಿ. ವಾದಕ್ಕೆ ಇಳಿಯಬೇಡಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪಂದ್ಯ ತೋರಿಸಿ.

ನಾಕೌಟ್‌ಗಳನ್ನೇ ಜೋಡಿಸಿದ ವಿಡಿಯೊ ಮಾತ್ರ ಬೇಡವೇ ಬೇಡ. ಒಬ್ಬರು ಪ್ರಜ್ಞೆ ತಪ್ಪಿ ಬೀಳುವುದನ್ನಷ್ಟೇ ನೋಡಿದವರಿಗೆ ಅದರ ಹಿಂದಿನ ಲೆಕ್ಕಾಚಾರ ಎಲ್ಲಿ ಕಾಣಬೇಕು? ಪಂದ್ಯಕ್ಕೆ ಮುಂಚಿನ ಬೈದಾಟವೂ ಬೇಡ.

ನಾನಾದರೆ 2013ರ ಫೆಬ್ರವರಿಯಲ್ಲಿ ನಡೆದ ರೋಂಡಾ ರೌಸಿ–ಲಿಜ್ ಕಾರ್ಮೂಶ್ ಪಂದ್ಯ ಹಾಕುತ್ತೇನೆ. ಎಂಎಂಎ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆ ಯುಎಫ್‌ಸಿಯಲ್ಲಿ ನಡೆದ ಮೊದಲ ಮಹಿಳಾ ಪಂದ್ಯ ಅದು. ಒಂದೇ ರೌಂಡ್, ಐದು ನಿಮಿಷವೂ ಇಲ್ಲ, ಹಾಗಾಗಿ ಯಾರಿಗೂ ಬೇಸರವಾಗಲ್ಲ. ರೌಸಿ 2008ರ ಒಲಿಂಪಿಕ್ಸ್ ಜೂಡೋದಲ್ಲಿ ಕಂಚು ಗೆದ್ದವರು ಅಂತ ಮೊದಲೇ ಹೇಳಿಬಿಡಿ, ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಶುರುವಿನಲ್ಲೇ ರೌಸಿಯ ಬೆನ್ನೇರಿ ಕಾರ್ಮೂಶ್ ಕುತ್ತಿಗೆಗೆ ಪಟ್ಟು ಹಾಕುತ್ತಾರೆ, ರೌಸಿ ಹೇಗೋ ಕೊಡವಿಕೊಳ್ಳುತ್ತಾರೆ, ಕೊನೆಗೆ ರೌಂಡ್ ಮುಗಿಯಲು 11 ಸೆಕೆಂಡ್ ಇರುವಾಗ ತೋಳನ್ನು ಪಟ್ಟಿನಲ್ಲಿ ಸಿಕ್ಕಿಸಿ ಗೆಲ್ಲುತ್ತಾರೆ. ಸೋಲೊಪ್ಪಿಕೊಂಡು ಕಾರ್ಮೂಶ್ ಕೈ ತಟ್ಟಿದ ತಕ್ಷಣ ಎಲ್ಲ ನಿಲ್ಲುತ್ತದೆ. ಅಲ್ಲಿ ವಿಡಿಯೊ ನಿಲ್ಲಿಸಿ, "ನೋಡಿ, ಬೀದಿ ಜಗಳದಲ್ಲಿ ಸಾಕು ಅಂದರೆ ಯಾರಾದರೂ ಬಿಡ್ತಾರಾ?" ಅಂತ ಕೇಳಿ. ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಎರಡನೇ ಸಲ ನೋಡುವಾಗ ರೆಫರಿಯನ್ನು ಗಮನಿಸಲು ಹೇಳಿ. ಕೆಳಗೆ ಬಿದ್ದವರು ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದಾರಾ ಅಂತ ಅವರು ಪಕ್ಕದಲ್ಲೇ ಬಗ್ಗಿ ನೋಡುತ್ತಿರುತ್ತಾರೆ. ಇಲ್ಲ ಅನಿಸಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ತಲೆಯ ಹಿಂಭಾಗಕ್ಕೆ ಹೊಡೆಯುವಂತಿಲ್ಲ, ಕಣ್ಣಿಗೆ ಬೆರಳು ಹಾಕುವಂತಿಲ್ಲ, ನೆಲದಲ್ಲಿರುವವರ ತಲೆಗೆ ಒದೆಯುವಂತಿಲ್ಲ. ಸುತ್ತಲಿನ ಪಂಜರ ಕಂಡು ಹೆದರುವವರು ಜಾಸ್ತಿ. ಕುಸ್ತಿ ಹಿಡಿಯುವಾಗ, ಬಾಕ್ಸಿಂಗ್ ಕಣದಲ್ಲಾದರೆ ಆಗುವಂತೆ, ಹಗ್ಗದ ನಡುವಿನಿಂದ ಜಾರಿ ಹೊರಗೆ ಬೀಳಬಾರದು ಅಂತಲೂ ಅದು ಇರುವುದು, ಅಷ್ಟೇ.

ಹಳೆಯ ಕಥೆಯನ್ನು ಮಾತ್ರ ಮುಚ್ಚಿಡಬೇಡಿ. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ವಿಭಾಗಗಳೇ ಇರಲಿಲ್ಲ, ಅಂಕ ಕೊಡುವ ತೀರ್ಪುಗಾರರೂ ಇರಲಿಲ್ಲ. ಸೆನೆಟರ್ ಜಾನ್ ಮೆಕೇನ್ ಅದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದರು, ಎಷ್ಟೋ ರಾಜ್ಯಗಳು ನಿಷೇಧ ಹಾಕಿದವು. ಆ ಸಿಟ್ಟಿಗೆ ಕಾರಣ ಇತ್ತು ಅಂತ ಒಪ್ಪಿಕೊಳ್ಳಿ. ಆ ಒತ್ತಡ ಇಲ್ಲದಿದ್ದರೆ ಈಗಿನ ನಿಯಮಗಳು ಅಷ್ಟು ಬೇಗ ಬರುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. 2000ದಲ್ಲಿ ನ್ಯೂಜೆರ್ಸಿಯಲ್ಲಿ ರೂಪುಗೊಂಡ ನಿಯಮಗಳೇ ಮುಂದೆ ಎಲ್ಲ ಕಡೆ ಹರಡಿದವು. ಐದು ನಿಮಿಷದ ಮೂರು ರೌಂಡ್, ಚಾಂಪಿಯನ್ ಪಟ್ಟಕ್ಕಾದರೆ ಐದು, ಮೂವರು ತೀರ್ಪುಗಾರರು. ಅಮೆರಿಕದಲ್ಲಿ ಕೊನೆಯವರೆಗೂ ಹಟ ಹಿಡಿದಿದ್ದ ನ್ಯೂಯಾರ್ಕ್ 2016ರಲ್ಲಿ ಒಪ್ಪಿತು, ಫ್ರಾನ್ಸ್ 2020ರಲ್ಲಿ.

"ತಲೆಗೆ ಪೆಟ್ಟು ಬೀಳಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಬೀಳುತ್ತದೆ. ಪದೇ ಪದೇ ಬಿದ್ದರೆ ಮೆದುಳಿಗೆ ಅಪಾಯ ಇದ್ದೇ ಇದೆ, ಸುಮ್ನೆ ಸಮರ್ಥಿಸಬೇಡಿ. ಸರಿಯಾಗಿ ನಡೆಸುವ ಕಡೆ ಪಂದ್ಯಕ್ಕೆ ಮುಂಚೆ ವೈದ್ಯಕೀಯ ತಪಾಸಣೆ ಇರುತ್ತದೆ, ನಾಕೌಟ್ ಆದವರು ಕೆಲವು ವಾರ ಅಥವಾ ತಿಂಗಳು ಕಣಕ್ಕೆ ಇಳಿಯುವಂತಿಲ್ಲ ಅನ್ನುವುದನ್ನು ತಿಳಿಸಿ. ಅಷ್ಟು ಕೇಳಿದ ಮೇಲೂ ಅವರಿಗೆ ನೋಡಲು ಮನಸ್ಸಾಗದಿದ್ದರೆ ಒತ್ತಾಯ ಮಾಡಬೇಡಿ, ಟಿವಿ ಆರಿಸಿ.