ಟರ್ಮಿನಲ್ ಮುಟ್ಟಿಸದೆ ಲಿನಕ್ಸ್ ತಂತ್ರಾಂಶ ಕೊಡುವುದು ಹೇಗೆ?

ಗುಳೇದಗುಡ್ಡದ ಖಣದ ಅಂಗಡಿಗೆ ನೀವೊಂದು ಬಿಲ್ಲಿಂಗ್ ತಂತ್ರಾಂಶ ಬರೆದಿದ್ದೀರಿ ಎನ್ನಿ. ಅಲ್ಲಿರುವುದು ಉಬುಂಟು ಎಂಬ ಲಿನಕ್ಸ್. ‘ಟರ್ಮಿನಲ್ ತೆಗೆದು ಈ ಸಾಲು ಟೈಪ್ ಮಾಡ್ರಿ’ ಎಂದು ಆಜ್ಞೆ ಟೈಪ್ ಮಾಡುವ ಕಿಟಕಿ ತೋರಿಸಿದರೆ ಸಾಹುಕಾರರ ಉತ್ತರ ಒಂದೇ: ‘ಅದೆಲ್ಲಾ ನಮಗ ಆಗೂದಿಲ್ರಿ, ನೀವ ಬಂದು ಹಾಕಿಕೊಡ್ರಿ.’ ಅವರು ಹೇಳುವುದು ಸರಿಯೇ. ಹಾಕುವ ಕಷ್ಟ ಬರೆದವರದ್ದಾಗಬೇಕು, ಬಳಸುವವರದ್ದಲ್ಲ.

ಮೊದಲು ಪ್ಯಾಕೇಜ್, ಅಂದರೆ ತಂತ್ರಾಂಶವನ್ನು ಕಟ್ಟಿ ಕೊಡುವ ಫೈಲು, ಯಾವ ಬಗೆಯದೆಂದು ತೀರ್ಮಾನಿಸಿ. ಉಬುಂಟು, ಡೆಬಿಯನ್ ಲಿನಕ್ಸ್‌ಗಳಿಗೆ ಡೆಬ್, ಫೆಡೋರಾ ಲಿನಕ್ಸ್‌ಗೆ ಆರ್‌ಪಿಎಂ. ಫ್ಲ್ಯಾಟ್‌ಪ್ಯಾಕ್ ಎಲ್ಲ ಕಡೆ ನಡೆಯುತ್ತದೆ, ಆದರೆ ಉಬುಂಟುವಿನಲ್ಲಿ ಅದನ್ನೇ ಮೊದಲು ಹಾಕಿಕೊಳ್ಳಬೇಕು, ಮೊದಲ ಸಲ ಡೌನ್‌ಲೋಡ್ ಕೂಡ ಭಾರಿ. ಆಪ್‌ಇಮೇಜ್ ಒಂದೇ ಫೈಲು, ಪಾಸ್‌ವರ್ಡ್ ಕೇಳುವುದಿಲ್ಲ. ಆದರೆ ಪ್ರಾಪರ್ಟೀಸ್‌ಗೆ ಹೋಗಿ ಅದಕ್ಕೆ ಓಡಲು ಅನುಮತಿ ಕೊಡಬೇಕು. ಹಳೆಯ ಬಗೆಯ ಆಪ್‌ಇಮೇಜ್‌ಗೆ ಬೇಕಾದ ಫ್ಯೂಸ್ 2 ಲೈಬ್ರರಿ (ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡು) ಉಬುಂಟು 22.04ರಿಂದ ಈಚೆಗೆ ಮೊದಲೇ ಇರುವುದಿಲ್ಲ; ಎಷ್ಟು ಕ್ಲಿಕ್ಕಿಸಿದರೂ ಪರದೆ ಮೇಲೆ ಏನೂ ಬರದು. ಅಂಗಡಿಗೆ ನನ್ನ ಆಯ್ಕೆ ಡೆಬ್, ಅದನ್ನು ಹಾಕಲು ಪಾಸ್‌ವರ್ಡ್ ಬೇಕು. ಕಂಪ್ಯೂಟರ್ ಹಾಕಿಕೊಟ್ಟವನು ಪಾಸ್‌ವರ್ಡ್ ಹೇಳದೆ ಹೋಗಿದ್ದರೆ ಮಾತ್ರ ಹೊಸ ಬಗೆಯ ಆಪ್‌ಇಮೇಜ್.

ಡೆಬ್ ಕಟ್ಟುವಾಗ ಪ್ಯಾಕೇಜಿನ ವಿವರ ಬರೆಯುವ ಕಂಟ್ರೋಲ್ ಫೈಲಿನ ‘ಡಿಪೆಂಡ್ಸ್’ ಸಾಲಿನಲ್ಲಿ ಬೇಕಾದ ಲೈಬ್ರರಿಗಳನ್ನೆಲ್ಲ ಬರೆಯಿರಿ. ನೆಟ್ ಇದ್ದರೆ ಇನ್‌ಸ್ಟಾಲರ್ ತಾನೇ ತಂದುಕೊಳ್ಳುತ್ತದೆ. ಗಿರಾಕಿಗಳ ಬಳಿ ಇರುವ ಅತಿ ಹಳೆಯ ಉಬುಂಟು ಆವೃತ್ತಿಯ ಮೇಲೆಯೇ ಕಂಪೈಲ್ ಮಾಡಿ. ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಹೊಸ ಆವೃತ್ತಿ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಓಡದೇ ಇರಬಹುದು.

ಇನ್‌ಸ್ಟಾಲ್ ಆದಮೇಲೆ ‘ಎಲ್ಲಿ ಹೋತ್ರಿ ಅದು?’ ಎಂಬ ಪ್ರಶ್ನೆ ಬರಬಾರದು. ಅದಕ್ಕೆ ತಂತ್ರಾಂಶವನ್ನು ಮೆನುವಿನಲ್ಲಿ ತೋರಿಸುವ ಡೆಸ್ಕ್‌ಟಾಪ್ ಫೈಲು ಬೇಕು: ಹೆಸರು, ಐಕಾನ್, ಓಡಿಸುವ ಆಜ್ಞೆ, ವಿಭಾಗ. ಇಂಗ್ಲಿಷ್ ಹೆಸರಿನ ಜೊತೆಗೆ ಕನ್ನಡದ ಭಾಷಾ ಸಂಕೇತ ಹಾಕಿ ‘ಖಣದ ಲೆಕ್ಕ’ ಎಂದೂ ಬರೆಯಿರಿ. ಸಿಸ್ಟಂ ಕನ್ನಡದಲ್ಲಿದ್ದರೆ ಮೆನುವಿನಲ್ಲಿ ಅದೇ ಕಾಣುತ್ತದೆ.

ಬಿಲ್ಲು, ಬಾಕಿಗಳ ದತ್ತಾಂಶ ಬಳಕೆದಾರರ ಹೋಮ್ ಫೋಲ್ಡರಿನಲ್ಲಿರಲಿ. ಪ್ಯಾಕೇಜ್ ತೆಗೆದರೂ ಉದ್ರಿ ಲೆಕ್ಕ ಅಳಿಯಬಾರದು, ಅಳಿದರೆ ನೀವು ಆ ಓಣಿಗೆ ಮತ್ತೆ ಕಾಲಿಡುವ ಹಾಗಿಲ್ಲ!

ಕೊನೆಗೆ ಪರೀಕ್ಷೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಡ, ಅಲ್ಲಿ ಎಲ್ಲ ಲೈಬ್ರರಿಗಳೂ ಮೊದಲೇ ಇರುತ್ತವೆ. ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ, ಹೊಸ ಉಬುಂಟು ಹಾಕಿ, ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ. 2024ರಲ್ಲಿ ಉಬುಂಟು 24.04 ಬಂದ ಹೊಸತರಲ್ಲಿ ಅದರ ತಂತ್ರಾಂಶ ಹಾಕುವ ಕಿಟಕಿಯಾದ ಆಪ್ ಸೆಂಟರ್ ಹೊರಗಿನ ಡೆಬ್ ಫೈಲನ್ನು ಇನ್‌ಸ್ಟಾಲ್ ಮಾಡುತ್ತಲೇ ಇರಲಿಲ್ಲ, ಆಮೇಲಿನ ಅಪ್‌ಡೇಟ್‌ನಲ್ಲಿ ಸರಿಯಾಯಿತು. ಹಾಗಾಗಿ ಅಂಗಡಿಯ ಕಂಪ್ಯೂಟರಿಗೆ ಮೊದಲು ಅಪ್‌ಡೇಟ್ ಹಾಕಿಸಿ, ಬಳಿಕ ಮೌಸನ್ನು ಸಾಹುಕಾರರ ಕೈಗೇ ಕೊಟ್ಟು ನೋಡಿ.